ಯೆಜ್ಡಿ ರೋಡ್‌ಕಿಂಗ್: ಬಿಸಿಯಾದ ಮೇಲೆ ರೇಸ್ ಇಳಿಯುತ್ತಿಲ್ಲ, ಘಾಟಿಯಲ್ಲಿ ನಿಂತುಬಿಡುತ್ತದೆ

ಆಗುಂಬೆ_ರೋಡ್‌ಕಿಂಗ್

ಎಲ್ಲರಿಗೂ ನಮಸ್ಕಾರ. ಗಾಡಿ ಯೆಜ್ಡಿ ರೋಡ್‌ಕಿಂಗ್, ಟೂ ಸ್ಟ್ರೋಕ್ ಬೈಕ್, 1985ರ ಮಾಡೆಲ್. 6 ವೋಲ್ಟ್, ಪಾಯಿಂಟ್ಸ್ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ಇಗ್ನಿಷನ್, ಮಿಕ್‌ಕಾರ್ಬ್ ಕಾರ್ಬುರೇಟರ್. ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಸಮತಟ್ಟು ರಸ್ತೆಯಲ್ಲಿ ಹದಿನೈದು ಕಿಲೋಮೀಟರ್‌ವರೆಗೆ ಏನೂ ತಕರಾರಿಲ್ಲ. ಆಮೇಲೆ ಎರಡು ತೊಂದರೆ.

ಒಂದು, ಬಿಸಿಯಾದ ಮೇಲೆ ಆಕ್ಸಿಲೇಟರ್ ಪೂರ್ತಿ ಬಿಟ್ಟರೂ ರೇಸ್ (ಎಂಜಿನ್ ತಿರುಗುವ ವೇಗ) ತಕ್ಷಣ ಇಳಿಯುವುದಿಲ್ಲ. ನಾಲ್ಕೈದು ಸೆಕೆಂಡ್ ಮೇಲೆಯೇ ನಿಂತು ನಿಧಾನಕ್ಕೆ ಕೆಳಗೆ ಬರುತ್ತದೆ. ಎರಡು, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎರಡನೇ ಗೇರ್‌ನಲ್ಲಿ ಪಿಕಪ್ ಬಿದ್ದು, ಕೊನೆಗೆ ಬ್ರೇಕ್ ಹಿಡಿದ ಹಾಗಾಗಿ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಆರಿದ ಮೇಲೆ ಮತ್ತೆ ಸ್ಟಾರ್ಟ್.

ಈಗಾಗಲೇ ಆಗಿರುವ ಕೆಲಸ: ಹೊಸ ಪ್ಲಗ್, ಕಾರ್ಬುರೇಟರ್ ಕ್ಲೀನ್, ಏರ್ ಫಿಲ್ಟರ್ ಕ್ಲೀನ್. ಲೀಟರಿಗೆ 40 ಮಿಲಿ 2ಟಿ ಆಯಿಲ್ ಹಾಕುತ್ತೇನೆ. ಪ್ಲಗ್ ತೆಗೆದರೆ ತುದಿ ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಇಲ್ಲಿನ ಮೆಕ್ಯಾನಿಕ್ "ಬೋರ್ ಮಾಡಿಸಿ (ಸಿಲಿಂಡರ್ ಒಳಗೆ ಕೊರೆಸಿ), ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ರಂಧ್ರ) ಹಾಕಿ" ಅಂತಾರೆ. ಎಂಜಿನ್ ಬಿಚ್ಚುವ ಮೊದಲು ಏನೇನು ನೋಡಬೇಕು ಅಂತ ತಿಳಿದವರು ಹೇಳಿ.

---

ಪಾಯಿಂಟ್ಸ್‌ಸೆಟ್

ಸರ್, ಬೋರ್ ಮಾತು ಸದ್ಯಕ್ಕೆ ಬದಿಗಿಡಿ. ಗಾಡಿ ಹೇಗೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಸ್ವಿಚ್ ಆಫ್ ಮಾಡಿದ ಹಾಗೆ ಟಕ್ ಎಂದು ನಿಂತರೆ ಕರೆಂಟಿನ ತೊಂದರೆ. ಮುಕ್ಕರಿಸುತ್ತಾ, ಜೋಲಿ ಹೊಡೆಯುತ್ತಾ, ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಂಡು ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಬ್ರೇಕ್ ಹಿಡಿದ ಹಾಗೆ ಬಿಗಿದು ನಿಂತರೆ ಪಿಸ್ಟನ್ ಬೋರನ್ನು ಕಚ್ಚುತ್ತಿದೆ. ನಿಮ್ಮದು ಮೂರನೆಯದು. ಇನ್ನು ಹಾಗಾಗಲು ಬಿಡಬೇಡಿ. ಬಿಗಿಯುವ ಸೂಚನೆ ಬಂದ ತಕ್ಷಣ ಕ್ಲಚ್ ಹಿಡಿದು ಆಕ್ಸಿಲೇಟರ್ ಬಿಡಿ. ಕ್ಲಚ್ ಹಿಡಿಯದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ.

ಏನನ್ನೂ ಬಿಚ್ಚದೆ ನೋಡಬಹುದಾದ್ದು ಇಷ್ಟಿದೆ.

ಮೊದಲು ಆಕ್ಸಿಲೇಟರ್ ಕೇಬಲ್. ಐಡ್ಲಿಂಗ್‌ನಲ್ಲಿ ಹ್ಯಾಂಡಲನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುಗಿಸಿ. ರೇಸ್ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಕಾರ್ಬುರೇಟರಿನ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ತುಂಡು) ಕೆಳಗೆ ಕೂರುವ "ಟಕ್" ಸದ್ದು ಬಿಸಿಯಲ್ಲೂ ಕೇಳಬೇಕು.

ಎರಡನೆಯದು ಪೆಟ್ರೋಲ್ ಹರಿವು. ಕಾರ್ಬುರೇಟರಿನಿಂದ ಪೈಪ್ ಕಳಚಿ ಅಳತೆ ಇರುವ ಬಾಟಲಿಗೆ ಬಿಡಿ. ಟ್ಯಾಂಕ್ ಕ್ಯಾಪ್ ಮುಚ್ಚಿಯೇ ಇರಲಿ. ಇದು ಮುಖ್ಯ, ಹೆಚ್ಚಿನವರು ಕ್ಯಾಪ್ ತೆಗೆದಿಟ್ಟು ನೋಡಿ ಸರಿಯಿದೆ ಅಂತಾರೆ. ಈ ಎಂಜಿನ್ ಫುಲ್ ಲೋಡ್‌ನಲ್ಲಿ ನಿಮಿಷಕ್ಕೆ 120 ಮಿಲಿ ಆಸುಪಾಸು ಕುಡಿಯುತ್ತದೆ, ಹಾಗಾಗಿ ನಿಮಿಷಕ್ಕೆ 200 ಮಿಲಿಯಾದರೂ ಬರಬೇಕು. ಮೂರು ನಿಮಿಷ ಬಿಡಿ. ಮೊದಲ ನಿಮಿಷ ಚೆನ್ನಾಗಿ ಬಂದು ಆಮೇಲೆ ಧಾರೆ ಸಣ್ಣಗಾದರೆ ಕ್ಯಾಪಿನ ಗಾಳಿ ರಂಧ್ರ ಕಟ್ಟಿದೆ. ಮೊದಲಿನಿಂದಲೂ ಸಣ್ಣಗಿದ್ದರೆ ಕಾಕ್‌ನ ಜಾಲರಿ ಅಥವಾ ಟ್ಯಾಂಕಿನ ತುಕ್ಕು.

ಮೂರನೆಯದು ಚಾರ್ಜಿಂಗ್. ಇದು ಬ್ಯಾಟರಿ ಇಗ್ನಿಷನ್ ಗಾಡಿ. ಘಾಟಿಯಲ್ಲಿ ಹೆಡ್‌ಲೈಟ್ ಹಾಕಿಕೊಂಡು ಕಡಿಮೆ ರೇಸ್‌ನಲ್ಲಿ ಹತ್ತುವಾಗ ಡೈನಮೋ ಕೊಡುವುದಕ್ಕಿಂತ ಖರ್ಚೇ ಹೆಚ್ಚು. ಬ್ಯಾಟರಿ ಬಳಲಿದ್ದರೆ ಕಿಡಿ ಹಳದಿಯಾಗುತ್ತದೆ. ಆರಿ ನಿಂತಾಗ ಬ್ಯಾಟರಿಯಲ್ಲಿ 6.3 ವೋಲ್ಟ್, ರೇಸ್ ಕೊಟ್ಟಾಗ 7ರ ಹತ್ತಿರ ಬರಬೇಕು.

ಇನ್ನು ಪಾಯಿಂಟ್ಸ್. ಗ್ಯಾಪ್ ಪೂರ್ತಿ ತೆರೆದಾಗ 0.4 ಮಿಮೀ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಅತಿಯಾದ ಅಡ್ವಾನ್ಸ್ (ಕಿಡಿ ತೀರಾ ಬೇಗ ಬೀಳುವುದು) ಕೂಡ ಪಿಸ್ಟನ್ ಕಾಯಿಸುತ್ತದೆ. ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಇಟ್ಟು, ಪಾಯಿಂಟ್ಸ್‌ಗೆ ಅಡ್ಡಲಾಗಿ ಒಂದು 6 ವೋಲ್ಟ್ ಬಲ್ಬ್ ಕಟ್ಟಿ, ಕೀ ಆನ್ ಮಾಡಿ. ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿದಾಗ ಬಲ್ಬ್ ಹತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಆಗ ಪಿಸ್ಟನ್ ಮೇಲ್ತುದಿಗೆ ಎಷ್ಟು ಮಿಮೀ ಇದೆ ಅನ್ನುವುದನ್ನು ನಿಮ್ಮ ಮಾಡೆಲ್‌ನ ಕೈಪಿಡಿಯ ಅಳತೆಗೆ ಹೋಲಿಸಿ.

ಡೈನಮೋ ಕವರ್ ತೆಗೆದಾಗ ಒಳಗೆ ಒಣಗಿದೆಯಾ, ಎಣ್ಣೆ ಪಸೆ ಇದೆಯಾ ಅಂತ ಬೆರಳಿಟ್ಟು ನೋಡಿ ಇಲ್ಲಿ ಬರೆಯಿರಿ.

---

ಮೈಸೂರು250

ಮೇಲಿನ ಕೊನೆಯ ಸಾಲನ್ನೇ ಮುಂದುವರಿಸುತ್ತೇನೆ. ಬಿಳಿ ಪ್ಲಗ್, ಇಳಿಯದ ರೇಸ್, ಲೋಡ್‌ನಲ್ಲಿ ಬಿಗಿಯುವುದು, ಈ ಮೂರೂ ಒಟ್ಟಿಗೆ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಡೈನಮೋ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತ ಸೋರಿಕೆ ತಡೆಯುವ ರಬ್ಬರ್ ಬಳೆ) ಕಡೆಗೆ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ (ಪಿಸ್ಟನ್ ಕೆಳಗಿನ ಕೋಣೆಯೇ) ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಎಳೆತ ಹುಟ್ಟಿ ಕಾರ್ಬುರೇಟರಿನಿಂದ ಪೆಟ್ರೋಲ್-ಗಾಳಿ ಒಳಗೆ ಬರುತ್ತದೆ. ಸೀಲ್ ಸೋತಿದ್ದರೆ ಅದೇ ಎಳೆತಕ್ಕೆ ಡೈನಮೋ ಕಡೆಯಿಂದ ಬರೀ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗಿ ಉರಿ ಬಿಸಿಯಾಗುತ್ತದೆ, ಜೊತೆಗೆ ಪೆಟ್ರೋಲಿನೊಂದಿಗೆ ಬರಬೇಕಾದ 2ಟಿ ಆಯಿಲೂ ಕಡಿಮೆಯಾಗುತ್ತದೆ. ರೋಡ್‌ಕಿಂಗ್‌ನ ಸಿಲಿಂಡರ್ ಬೀಡು, ಪಿಸ್ಟನ್ ಅಲ್ಯುಮಿನಿಯಂ. ಒಂದೇ ಬಿಸಿಗೆ ಪಿಸ್ಟನ್ ಹೆಚ್ಚು ಹಿಗ್ಗುತ್ತದೆ, ಕಚ್ಚುತ್ತದೆ. ಸ್ಲೈಡ್ ಮುಚ್ಚಿದರೂ ಗಾಳಿ ಬರುವ ಇನ್ನೊಂದು ದಾರಿ ತೆರೆದೇ ಇರುವುದರಿಂದ ರೇಸ್ ಇಳಿಯುವುದಿಲ್ಲ. ರಬ್ಬರ್ ಗಟ್ಟಿಯಾದ ಸೀಲ್ ತಣ್ಣಗಿದ್ದಾಗ ಹೇಗೋ ತಡೆದು, ಬಿಸಿಯಾದ ಮೇಲೆ ಕೈಬಿಡುತ್ತದೆ.

ಇಲ್ಲಿ ದೊಡ್ಡ ಮೇನ್ ಜೆಟ್ ಹಾಕಿದರೆ ಏನಾಗುತ್ತದೆ? ಮೇನ್ ಜೆಟ್ ಕೆಲಸ ಮಾಡುವುದು ಮುಕ್ಕಾಲು ಆಕ್ಸಿಲೇಟರ್ ದಾಟಿದ ಮೇಲೆ. ಸೋರಿಕೆಯ ಪೆಟ್ಟು ಹೆಚ್ಚು ಬೀಳುವುದು ಸ್ಲೈಡ್ ಮುಚ್ಚಿದಾಗ ಮತ್ತು ಕಾಲುಭಾಗ ತೆರೆದಾಗ. ಜೆಟ್ ಬದಲಿಸಿ ಮುಚ್ಚಿಹಾಕಿದರೆ ಸೀಲ್ ಇನ್ನಷ್ಟು ಸೋತ ದಿನ ಪಿಸ್ಟನ್ ಪೂರ್ತಿ ಹೋಗುತ್ತದೆ. ದಯವಿಟ್ಟು ಸೋರಿಕೆ ಪರೀಕ್ಷೆ ಆಗುವವರೆಗೆ ಜೆಟ್ ಮುಟ್ಟಬೇಡಿ.

ಎರಡು ಸೀಲ್‌ಗಳ ಲಕ್ಷಣ ಬೇರೆ ಬೇರೆ. ಎಡಗಡೆ, ಕ್ಲಚ್ ಬದಿಯ ಸೀಲ್ ಹೋದರೆ ಎಂಜಿನ್ ಗಾಳಿಯ ಬದಲು ಗೇರ್ ಆಯಿಲ್ ಎಳೆಯುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಪ್ಲಗ್ ಎಣ್ಣೆಯಲ್ಲಿ ನೆನೆದು ಕಪ್ಪು, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಬಲಗಡೆ, ಡೈನಮೋ ಬದಿಯದು ಹೋದರೆ ಹೊಗೆ ಹೆಚ್ಚಾಗುವುದಿಲ್ಲ, ಪ್ಲಗ್ ಬಿಳಿ, ಡೈನಮೋ ಕೋಣೆಯಲ್ಲಿ 2ಟಿ ಆಯಿಲ್‌ನ ಕಪ್ಪು ಜಿಡ್ಡು. ಪಿಸ್ಟನ್ ಇಳಿಯುವಾಗಿನ ಒತ್ತಡಕ್ಕೆ ಅದು ಹೊರಗೆ ಉಗಿಯುತ್ತದೆ. ಆ ಜಿಡ್ಡು ಪಾಯಿಂಟ್ಸ್ ಮೇಲೂ ಕೂತು ಸುಡುತ್ತದೆ. ಪಾಯಿಂಟ್ಸ್ ಪದೇ ಪದೇ ಕಪ್ಪಾದರೆ ಕಂಡೆನ್ಸರ್ ಬದಲಿಸುತ್ತಾ ಹೋಗುವುದಕ್ಕಿಂತ ಸೀಲ್ ನೋಡಬೇಕು.

ಪರೀಕ್ಷೆ ಮಾಡುವ ರೀತಿ ಹೀಗೆ. ಬೇಕಾದ್ದು: ಮುಳ್ಳು ಇರುವ ಹಳೇ ಬಿಪಿ ಮೆಷಿನ್‌ನ ಬಲ್ಬ್ ಮತ್ತು ಗೇಜ್, ದಪ್ಪ ರಬ್ಬರ್ ಶೀಟ್, ಕಾರ್ಬುರೇಟರ್ ಫ್ಲೇಂಜ್ ಅಳತೆಗೆ ಕತ್ತರಿಸಿದ ಒಂದು 5 ಮಿಮೀ ತಗಡು, ಅದಕ್ಕೆ ಕೂರಿಸಿದ ನಿಪ್ಪಲ್, ಸೋಪಿನ ನೀರು.

ಎರಡೂ ಸೈಲೆನ್ಸರ್ ಪೈಪ್ ಕಳಚಿ ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಗಟ್ಟಿಯಾಗಿ ಮುಚ್ಚಿ. ಕಾರ್ಬುರೇಟರ್ ತೆಗೆದು ಆ ಜಾಗಕ್ಕೆ ರಬ್ಬರ್ ಮತ್ತು ತಗಡು ಬೋಲ್ಟ್ ಮಾಡಿ. ಪಿಸ್ಟನ್ ಮೇಲ್ತುದಿಗೆ ತಂದು ಪ್ಲಗ್ ಬಿಗಿ ಮಾಡಿ. ಪಿಸ್ಟನ್ ಮೇಲೆಯೇ ಇರಬೇಕು, ಏಕೆಂದರೆ ಈ ಎಂಜಿನ್‌ನಲ್ಲಿ ಇನ್‌ಲೆಟ್ ಬಾಯಿ ತೆರೆದು ಮುಚ್ಚುವುದು ಪಿಸ್ಟನ್ನೇ. ಅದು ಕೆಳಗಿದ್ದರೆ ನೀವು ಹಾಕಿದ ಗಾಳಿ ಕ್ರ್ಯಾಂಕ್‌ಕೇಸಿಗೆ ಹೋಗುವುದೇ ಇಲ್ಲ, "ಎಲ್ಲಾ ಸರಿಯಿದೆ" ಅಂತ ತಪ್ಪು ಫಲಿತಾಂಶ ಬರುತ್ತದೆ. ಗೇಜ್ 300ಕ್ಕೆ ಬರುವವರೆಗೆ ಬಲ್ಬ್ ಒತ್ತಿ. ಅದು ಪಾದರಸದ ಮಿಮೀ ಲೆಕ್ಕ, ಸುಮಾರು 5.8 ಪಿಎಸ್‌ಐ. ಇದಕ್ಕಿಂತ ಹೆಚ್ಚು ಬೇಡ, ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ, ಒಳ್ಳೆಯ ಸೀಲೂ ಹಾರಿಹೋಗುತ್ತದೆ.

ಒಂದು ನಿಮಿಷದಲ್ಲಿ 50 ಇಳಿದರೆ ಪರವಾಗಿಲ್ಲ. ಅದಕ್ಕಿಂತ ಬೇಗ ಇಳಿದರೆ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚುತ್ತಾ ಹೋಗಿ: ಮೊದಲು ನೀವೇ ಹಾಕಿದ ತಗಡು ಮತ್ತು ಬಿರಡೆ, ಆಮೇಲೆ ಸಿಲಿಂಡರ್ ಬೇಸ್ ಗ್ಯಾಸ್ಕೆಟ್, ಕ್ರ್ಯಾಂಕ್‌ಕೇಸ್ ಜೋಡಣೆಯ ಗೆರೆ, ಕೊನೆಗೆ ಡೈನಮೋ ತೆಗೆದು ಸೀಲ್ ಸುತ್ತ. ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣದು. ಅದಕ್ಕೆ ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಎಳೆಯಿರಿ. ಪೊರೆ ಉಬ್ಬಿದರೆ ಗಾಳಿ ಆ ಕಡೆಗೆ ದಾಟುತ್ತಿದೆ.

ಓಡುತ್ತಿರುವ ಎಂಜಿನ್ ಮೇಲೆ ಸ್ಪ್ರೇ ಹೊಡೆದು ರೇಸ್ ಬದಲಾಗುತ್ತದಾ ನೋಡುವ ಕ್ರಮವೂ ಇದೆ. ಆದರೆ ಬಿಸಿ ಪೈಪ್, ಪಾಯಿಂಟ್ಸ್‌ನ ಕಿಡಿ, ಮೇಲೆ ಪೆಟ್ರೋಲ್ ಟ್ಯಾಂಕ್. ಬಿಪಿ ಗೇಜ್ ಇರುವಾಗ ಆ ಅಪಾಯ ಯಾಕೆ.

---

ಮಲೆನಾಡು_2ಟಿ

ಮೈಸೂರು250 ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಯಾವ ಪೆಟ್ರೋಲ್ ಅನ್ನುವ ವಿಚಾರ ಯಾರೂ ಎತ್ತಿಲ್ಲ. ಈಗ ಬಂಕಿನಲ್ಲಿ ಬರುತ್ತಿರುವುದು ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಳೇ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಇ20 ಹಾಕಿದರೆ ಮಿಶ್ರಣ ಶೇ 6ರಿಂದ 8ರಷ್ಟು ತೆಳುವಾಗುತ್ತದೆ. ಇದೊಂದರಿಂದಲೇ ಗಾಡಿ ಸೀಜ್ ಆಗದು (ಪಿಸ್ಟನ್ ಕಚ್ಚಿ ನಿಲ್ಲದು), ಆದರೆ ಸೀಲೂ ಸೋರುತ್ತಿದ್ದರೆ ಎರಡೂ ಸೇರಿ ಘಾಟಿಯಲ್ಲಿ ಹೊಡೆತ ಕೊಡುತ್ತವೆ. ಪರಿಹಾರ ಸರಳ. ಸೋರಿಕೆ ಸರಿಪಡಿಸಿದ ನಂತರ, ಕಾರ್ಬುರೇಟರ್ ನೀಡಲ್‌ನ (ಸೂಜಿಯ) ಕ್ಲಿಪ್ ಒಂದು ತೋಡು ಕೆಳಗಿಳಿಸಿ. ಕ್ಲಿಪ್ ಕೆಳಗೆ ಬಂದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚು.

ಇನ್ನೊಂದು, ಸೀಜ್ ಆಗುತ್ತದೆ ಅಂತ ಹೆದರಿ 2ಟಿ ಆಯಿಲನ್ನು 60, 70 ಮಿಲಿಗೆ ಏರಿಸುವವರು ತುಂಬ ಜನ. ಜೆಟ್‌ನಲ್ಲಿ ಹಾದುಹೋಗುವ ದ್ರವದಲ್ಲಿ ಆಯಿಲ್ ಪಾಲು ಹೆಚ್ಚಾದಷ್ಟೂ ಪೆಟ್ರೋಲ್ ಪಾಲು ಕಡಿಮೆ, ಮಿಶ್ರಣ ಇನ್ನೂ ತೆಳು. ಮೇಲೆ ಎಕ್ಸಾಸ್ಟ್ ಪೋರ್ಟಿನಲ್ಲಿ ಕಾರ್ಬನ್ ಬೇರೆ. ನಿಮ್ಮ 40 ಮಿಲಿ, ಅಂದರೆ 1:25, ಸರಿಯಾಗಿದೆ. ಹಾಗೇ ಇರಲಿ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟ್ಯಾಂಕಿನ ತಳದ ಪೆಟ್ರೋಲ್ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟು ನೋಡಿ. ಎಥನಾಲ್ ನೀರು ಹೀರಿಕೊಂಡು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ, ಕಾಕ್ ಮೊದಲು ಕಳಿಸುವುದು ಅದನ್ನೇ. ಎರಡು ಪದರ ಕಂಡರೆ ಪೂರ್ತಿ ಚೆಲ್ಲಿಸಿ.

---

ಆಗುಂಬೆ_ರೋಡ್‌ಕಿಂಗ್

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದೆ.

ಕೇಬಲ್ ಸರಿಯಿದೆ. ಪೆಟ್ರೋಲ್ ಕ್ಯಾಪ್ ಮುಚ್ಚಿಯೇ ನಿಮಿಷಕ್ಕೆ 260 ಮಿಲಿ, ಮೂರನೇ ನಿಮಿಷದಲ್ಲೂ ಅಷ್ಟೇ. ಬ್ಯಾಟರಿ 6.3, ರೇಸ್ ಕೊಟ್ಟರೆ 7. ಪಾಯಿಂಟ್ ಗ್ಯಾಪ್ 0.4 ಇಟ್ಟು ಬಲ್ಬ್ ಕಟ್ಟಿ ಟೈಮಿಂಗ್ ನೋಡಿದೆ, ಕೈಪಿಡಿಯ ಅಳತೆಗೆ ಸರಿಹೊಂದುತ್ತದೆ. ಡೈನಮೋ ಒಳಗೆ ಕೆಳಭಾಗದಲ್ಲಿ ಕಪ್ಪು ಜಿಡ್ಡು ಇದೆ, ಮೂಸಿದರೆ ಪೆಟ್ರೋಲ್ ವಾಸನೆ. ಬಿಪಿ ಗೇಜ್ 300ರಿಂದ 100ಕ್ಕೆ ಹತ್ತು ಸೆಕೆಂಡಿನೊಳಗೆ ಇಳಿಯಿತು. ಡೈನಮೋ ತೆಗೆದು ಸೋಪು ಹಚ್ಚಿದಾಗ ಶಾಫ್ಟ್ ಸುತ್ತ ನೊರೆ ಉಕ್ಕುತ್ತದೆ. ಗೇರ್ ಆಯಿಲ್ ಬಾಯಿಯ ಪೊರೆ ಅಲುಗಲಿಲ್ಲ.

ಈಗ ಎರಡು ಪ್ರಶ್ನೆ. ಸೀಲ್ ಹಾಕುವಾಗ ಏನು ಗಮನಿಸಬೇಕು? ಹೇಗಿದ್ದರೂ ಕಚ್ಚಿದೆಯಲ್ಲ, ಬೋರ್ ಮಾಡಿಸಲೇಬೇಕಾ?

---

ಲೇತ್‌ಮನೆ

ಸೀಲ್ ಬಗ್ಗೆ ಮೊದಲು. ಡೈನಮೋ ಕಡೆಯ ಸೀಲಿಗೆ ಕ್ರ್ಯಾಂಕ್‌ಕೇಸ್ ಬಿಚ್ಚಬೇಕಿಲ್ಲ. ಸೀಲ್ ಮುಖದ ಮೇಲೆ ಮೂರು ಅಂಕಿ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಅದನ್ನೇ ಓದಿ ಬೇರಿಂಗ್ ಅಂಗಡಿಯಲ್ಲಿ ವೈಟಾನ್ ಸೀಲ್ ಕೇಳಿ. ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ಅದು ಬಿಸಿಯನ್ನೂ ಎಥನಾಲನ್ನೂ ಚೆನ್ನಾಗಿ ತಡೆಯುತ್ತದೆ. "ಒರಿಜಿನಲ್ ಕಂಪನಿ ಪ್ಯಾಕೆಟ್" ಅಂತ ಯಾರಾದರೂ ಕೊಟ್ಟರೆ ರಬ್ಬರ್ ಭಾಗ ಮಾತ್ರ ತಗೋಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಿಂತಿದ್ದು 1996ರಲ್ಲಿ. ಆ ಕಾಲದ ಗೇರ್, ಬುಷ್ ಬಂಗಾರ. ಆ ಕಾಲದ ಸೀಲ್ ಪ್ಯಾಕೆಟ್ ಒಳಗೇ ಒಣಗಿ ಗಟ್ಟಿಯಾಗಿರುತ್ತದೆ, ಬೆರಳಲ್ಲಿ ತುಟಿ ಬಾಗಿಸಿದರೆ ಗೊತ್ತಾಗುತ್ತದೆ.

ರೋಟರನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅದಕ್ಕೆಂದೇ ಇರುವ ಪುಲ್ಲರ್ ಬೋಲ್ಟ್ ಬಳಸಿ. ಮೀಟಿದರೆ ಶಾಫ್ಟಿನ ತುದಿ ಸೊಟ್ಟಗಾಗಿ ಡೈನಮೋ ಉಜ್ಜಲು ಶುರುವಾಗುತ್ತದೆ.

ಹಳೇ ಸೀಲ್ ತೆಗೆಯುವ ಮುಂಚೆ ಅದು ಯಾವ ಮುಖ ಯಾವ ಕಡೆ ಕೂತಿದೆ ಅಂತ ಫೋಟೋ ತೆಗೆದಿಡಿ. ಸ್ಪ್ರಿಂಗ್ ಕಾಣುವ ಮುಖ ಕ್ರ್ಯಾಂಕ್‌ಕೇಸಿನ ಒಳಕ್ಕೆ ಬರಬೇಕು, ಒತ್ತಡ ಬಂದಾಗ ತುಟಿ ಶಾಫ್ಟನ್ನು ಇನ್ನೂ ಬಿಗಿಯಾಗಿ ಅಪ್ಪಲಿ ಅಂತ. ಹಳೇ ಸೀಲ್ ಹೊರಬಂದ ಮೇಲೆ ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ತುಟಿ ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಗೆರೆ ಬಿದ್ದಿದೆ, ಅದೇ ಗೆರೆಯ ಮೇಲೆ ಹೊಸ ಸೀಲ್ ಕೂರಿಸಿದರೆ ಅದೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದು ಮಿಮೀ ಈಚೆಗೆ ನಿಲ್ಲಿಸಿ, ಗೆರೆ ಆಳವಾಗಿದ್ದರೆ ಲೇತ್‌ನಲ್ಲಿ ತೆಳು ಸ್ಲೀವ್ ಹಾಕಿಸಿ. ತುಕ್ಕು ಮಾತ್ರ ಇದ್ದರೆ 1000 ನಂಬರ್ ಎಮರಿಯನ್ನು ಶಾಫ್ಟ್ ಸುತ್ತ ತಿರುಗಿಸಿ ಉಜ್ಜಿ, ಉದ್ದುದ್ದಕ್ಕೆ ಬೇಡ, ಉದ್ದ ಗೀರಿನಲ್ಲೇ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಎಮರಿ ಪುಡಿ ಬೇರಿಂಗ್‌ಗೆ ಬೀಳದ ಹಾಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ. ತುಟಿಗೆ ಗ್ರೀಸ್ ಹಚ್ಚಿ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ಇಳಿಸಿ.

ಅದಕ್ಕೂ ಮುಂಚೆ ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ "ಕಟಕಟ" ಗೊತ್ತಾದರೆ ಮೇನ್ ಬೇರಿಂಗ್ ಹೋಗಿದೆ. ಬೇರಿಂಗ್ ಬಿಟ್ಟು ಸೀಲ್ ಮಾತ್ರ ಹಾಕಿದರೆ ಅಲ್ಲಾಡುವ ಶಾಫ್ಟ್ ಅದನ್ನು ಬೇಗ ತಿಂದುಹಾಕುತ್ತದೆ. ಆಗ ಕ್ರ್ಯಾಂಕ್‌ಕೇಸ್ ಬಿಚ್ಚಿ ಸಿ3 ಕ್ಲಿಯರೆನ್ಸ್ (ಒಳಗೆ ತುಸು ಹೆಚ್ಚು ಸಡಿಲವಿರುವ) ಬೇರಿಂಗ್, ಎರಡೂ ಸೀಲ್ ಒಟ್ಟಿಗೆ.

ಬೋರ್ ವಿಚಾರ. ಮೊದಲು ಎಕ್ಸಾಸ್ಟ್ ಬಾಯಿಯಿಂದ ಟಾರ್ಚ್ ಬಿಟ್ಟು, ಪಿಸ್ಟನ್ ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಾ ನೋಡಿ. ಮಸುಕಾದ ಒಂದೆರಡು ಉದ್ದ ಗೆರೆ ಮಾತ್ರ ಇದ್ದರೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲೇಟರ್ ಪೂರ್ತಿ ತೆರೆದು ಕಿಕ್ ಹೊಡೆಯಿರಿ. 100 ಪಿಎಸ್‌ಐ ದಾಟಿದರೆ ಬೋರ್ ಮಾತೇ ಬೇಡ. ಆದರೂ ಸಿಲಿಂಡರ್ ಒಮ್ಮೆ ಎತ್ತಿ ನೋಡುವುದು ಒಳ್ಳೆಯದು, ಕಚ್ಚಿದಾಗ ರಿಂಗ್ ಕೂರುವ ತೋಡಿನಲ್ಲಿ ಅಲ್ಯುಮಿನಿಯಂ ಹಿಡಿದು ರಿಂಗ್ ಅಲುಗದಂತಾಗಿರಬಹುದು.

ಗುರುತು ಎಲ್ಲಿದೆ ಅನ್ನುವುದೂ ಮುಖ್ಯ. ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ತೆಳು ಮಿಶ್ರಣದ ಬಿಸಿ, ನಿಮ್ಮ ಸೋರಿಕೆಗೆ ಸರಿಹೊಂದುತ್ತದೆ. ಸುತ್ತಲೂ ನಾಲ್ಕು ಕಡೆ ಇದ್ದರೆ ಪಿಸ್ಟನ್ ಕ್ಲಿಯರೆನ್ಸ್ ಕಡಿಮೆ ಇಟ್ಟಿದ್ದಾರೆ. ಇನ್‌ಲೆಟ್ ಕಡೆ ಇದ್ದರೆ ಎಣ್ಣೆ ಸಾಲುತ್ತಿಲ್ಲ. ಬೋರಿಗೆ ಅಂಟಿದ ಅಲ್ಯುಮಿನಿಯಂ 400 ಎಮರಿಯಲ್ಲಿ ಅಡ್ಡಡ್ಡ ಉಜ್ಜಿದರೆ ಬರುತ್ತದೆ. ಅದು ಬಂದ ಮೇಲೂ ಬೋರಿನಲ್ಲಿ ಉಗುರು ಸಿಗುವ ಗೆರೆ ಉಳಿದರೆ ಮಾತ್ರ ಬೋರ್ ಮಾಡಿಸಿ, ಅದೂ ಪಿಸ್ಟನ್ ಮೊದಲು ಕೊಂಡು ಅದರ ಅಳತೆಗೆ.

ಹೊಸ ರಿಂಗ್ ಹಾಕುವುದಾದರೆ ರಿಂಗನ್ನು ಬರೀ ಬೋರಿನೊಳಗೆ ನೇರ ಕೂರಿಸಿ ತುದಿಗಳ ಸಂದು ಅಳೆಯಿರಿ. 65 ಮಿಮೀ ಬೋರಿಗೆ 0.25ರಿಂದ 0.3 ಮಿಮೀ ಇರಲಿ. ಕಡಿಮೆ ಇದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಗುದ್ದಿ ರಿಂಗ್ ಮುರಿಯುತ್ತದೆ. ಸಿಲಿಂಡರ್ ಇಳಿಸುವಾಗ ರಿಂಗಿನ ತುದಿಗಳು ತೋಡಿನಲ್ಲಿರುವ ಪಿನ್ನಿನ ಎರಡೂ ಬದಿಗೆ ಕೂತಿವೆಯಾ ನೋಡಿ, ಸಿಲಿಂಡರನ್ನು ತಿರುಚಬೇಡಿ.

---

ಮೈಸೂರು250

ಜೋಡಿಸಿದ ಮೇಲೆ, ಕಾರ್ಬುರೇಟರ್ ಕೂರಿಸುವ ಮುಂಚೆ, ಬಿಪಿ ಗೇಜ್ ಪರೀಕ್ಷೆ ಇನ್ನೊಮ್ಮೆ ಮಾಡಿ. 300 ನಿಂತರೆ ಕಾರ್ಬುರೇಟರ್ ಹಾಕಿ, ಫ್ಲೇಂಜಿಗೆ ಹೊಸ ಗ್ಯಾಸ್ಕೆಟ್ ಇರಲಿ. ಫ್ಲೇಂಜನ್ನು ಗಾಜಿನ ಮೇಲೆ ಇಟ್ಟು ಬಾಗಿದೆಯಾ ನೋಡಿ. ಹಿಂದೆ ಅತಿಯಾಗಿ ಬಿಗಿ ಮಾಡಿದ್ದರೆ ಎರಡೂ ಕಿವಿ ಬಾಗಿರುತ್ತವೆ, ಅಲ್ಲಿಂದಲೂ ಗಾಳಿ ಎಳೆಯುತ್ತದೆ.

ಸೋರುತ್ತಿದ್ದಾಗ ಹೊಂದಿಸಿದ ಐಡ್ಲಿಂಗ್ ಈಗ ತಪ್ಪಾಗಿರುತ್ತದೆ, ಎಂಜಿನ್ ಬಿಸಿ ಮಾಡಿ ಹೊಸದಾಗಿ ಹೊಂದಿಸಿ. ನೀಡಲ್ ಕ್ಲಿಪ್ ಒಂದು ತೋಡು ಕೆಳಗಿಳಿಸಿ ಸಮತಟ್ಟು ರಸ್ತೆಯಲ್ಲಿ ಅರ್ಧ ಆಕ್ಸಿಲೇಟರ್‌ನಲ್ಲಿ ಎರಡು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ, ಹಾಗೇ ಬದಿಗೆ ನಿಲ್ಲಿಸಿ ಪ್ಲಗ್ ತೆಗೆಯಿರಿ. ಐಡ್ಲಿಂಗ್‌ನಲ್ಲಿ ಬಿಟ್ಟು ನಿಲ್ಲಿಸಿದ ಪ್ಲಗ್ ನಿಜ ಹೇಳುವುದಿಲ್ಲ. ತಿಳಿ ಕಾಫಿ ಬಣ್ಣ ಬಂದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಕ್ಲಿಪ್ ವಾಪಸ್ ಮೇಲಕ್ಕೆ. ಇನ್ನೂ ಬೆಳ್ಳಗಿದ್ದರೆ ಘಾಟಿಗೆ ಹೋಗಬೇಡಿ, ಇಲ್ಲಿ ಪ್ಲಗ್ ಫೋಟೋ ಹಾಕಿ.

ಕ್ಲಚ್ ಕಡೆಯ ಸೀಲ್ ಈಗ ತಡೆದಿದೆ, ನಿಜ. ಎರಡೂ ಒಂದೇ ವಯಸ್ಸಿನವಾದರೆ ಅದೂ ಹೆಚ್ಚು ದಿನ ಬರುವುದಿಲ್ಲ. ಕ್ಲಚ್ ಪ್ಲೇಟ್ ಅಥವಾ ಪ್ರೈಮರಿ ಚೈನಿಗೆ ಆ ಕಡೆ ಬಿಚ್ಚಿದಾಗ ಅದನ್ನೂ ಬದಲಿಸಿಬಿಡಿ. ಬೇರಿಂಗ್ ಅಂಗಡಿಗೆ ಹೋದಾಗಲೇ ಎರಡೂ ತಂದಿಡುವುದಾದರೆ, ಎಡಗಡೆಯ ಅಳತೆ ಬೇರೆ ಇರಬಹುದು. ಬಲಗಡೆಯದನ್ನೇ ಎರಡು ಕೊಳ್ಳಬೇಡಿ.

---

ಆಗುಂಬೆ_ರೋಡ್‌ಕಿಂಗ್

ಶಾಫ್ಟ್ ಅಲ್ಲಾಡಿಸಿ ನೋಡಿದೆ, ಆಟ ಇಲ್ಲ. ಉಗುರಿಗೆ ತೆಳುವಾದ ಗೆರೆ ಸಿಗುತ್ತದೆ. ಎಕ್ಸಾಸ್ಟ್ ಕಡೆ ಪಿಸ್ಟನ್ ಮೇಲೆ ಎರಡು ಮಸುಕು ಗುರುತು, ಇನ್‌ಲೆಟ್ ಕಡೆ ಸ್ವಚ್ಛ. ಕಂಪ್ರೆಷನ್ 110. ಬೋರ್ ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿದ್ದೇನೆ, ವೈಟಾನ್ ಸೀಲ್ ಹುಡುಕುತ್ತಿದ್ದೇನೆ. ಸಿಲಿಂಡರ್ ಎತ್ತಿ ರಿಂಗ್ ನೋಡಿದ ಮೇಲೆ ಫೋಟೋ ಸಮೇತ ಇಲ್ಲೇ ಹಾಕುತ್ತೇನೆ.